ತಂತ್ರಾಂಶ ಚಂದಾ: ಹಣ ಕಟ್ಟಿಯೂ ಚಾಲ್ತಿಗೆ ಬಾರದಿದ್ದಾಗ

ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಿ ಬಳಸುವ ತಂತ್ರಾಂಶವು ಹಣ ಸಂದಾಯವಾದ ಮೇಲೂ ಬಳಕೆದಾರನನ್ನು ಚಂದಾದಾರನೆಂದು ಗುರುತಿಸದೆ, ಅವಧಿ ಮುಗಿದಿದೆಯೆಂದೋ ಪರವಾನಗಿ ಇಲ್ಲವೆಂದೋ ತೋರಿಸುವ ತೊಡಕು. ಶಿವಮೊಗ್ಗ, ಭದ್ರಾವತಿಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಇದಕ್ಕೆ ಬೇರೆ ಹೆಸರೇನೂ ಇಲ್ಲ. ‘ದುಡ್ಡು ಕಟ್ ಆಗಿದೆ, ಆದ್ರೆ ಆಕ್ಟಿವೇಟ್ ಆಗಿಲ್ಲ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅಡಿಕೆ ಮಂಡಿಯ ಗುಮಾಸ್ತನಿಗೆ ಇದು ಟ್ಯಾಲಿಯಲ್ಲಿ ಎದುರಾಗುತ್ತದೆ, ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿಯವನಿಗೆ ಫೋಟೊಶಾಪ್ ಇಲ್ಲವೆ ಕೋರೆಲ್‌ಡ್ರಾದಲ್ಲಿ, ಕಾಲೇಜಿನ ಹುಡುಗರಿಗೆ ವರ್ಡ್‌ನಲ್ಲಿ, ನಿವೃತ್ತರಿಗೆ ಮೊಬೈಲಿನ ಯಾವುದೋ ಆ್ಯಪ್‌ನಲ್ಲಿ.

ಹಣ ಕಳೆದುಹೋಯಿತು ಎಂಬ ಗಾಬರಿ ಮೊದಲು ಹುಟ್ಟುವುದು ಸಹಜ. ಆದರೆ ಈ ತೊಡಕಿನಲ್ಲಿ ಹಣ ಸಾಮಾನ್ಯವಾಗಿ ಕಂಪನಿಗೆ ತಲುಪಿಯೇ ಇರುತ್ತದೆ. ತಲುಪಿದ ಹಣ ಯಾರ ಖಾತೆಗೆ ಬರೆಯಲ್ಪಟ್ಟಿತು ಎಂಬಲ್ಲಿ ಎಡವಟ್ಟಾಗಿರುತ್ತದೆ. ಮಂಡಿಯ ಹಳೆಯ ಲೆಕ್ಕ ಬಲ್ಲವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ರೋಕಡಿಯಲ್ಲಿ ಜಮಾ ಆಗಿದೆ, ಖತಾವಣಿ ಆಗಿಲ್ಲ. ರೋಕಡಿ ಪುಸ್ತಕದಲ್ಲಿ ಹಣ ಬಂದದ್ದು ಕಾಣುತ್ತದೆ, ಆದರೆ ಪಾರ್ಟಿಯ ಖಾತೆ ತೆರೆದು ನೋಡಿದರೆ ಅವನಿನ್ನೂ ಬಾಕಿದಾರ. ತಂತ್ರಾಂಶ ನೋಡುವುದು ಖಾತೆಯನ್ನು ಮಾತ್ರ, ರೋಕಡಿಯನ್ನಲ್ಲ.

ಹಿನ್ನೆಲೆ

ಚಂದಾ ಎಂಬ ಪಾರಸಿ ಮೂಲದ ಮಾತು ಕನ್ನಡದಲ್ಲಿ ನೆಲೆಯೂರಿದ್ದು ಪತ್ರಿಕೆಗಳ ಮೂಲಕ. ಅಂಚೆಯಲ್ಲಿ ಬರುತ್ತಿದ್ದ ಮಾಸಪತ್ರಿಕೆಯ ಸುತ್ತು ಕಾಗದದ ಮೇಲೆ ಒಂದು ಚೀಟಿ ಅಂಟಿಸಿರುತ್ತಿದ್ದರು; ಅದರಲ್ಲಿ ವಿಳಾಸದ ಜೊತೆಗೆ ಚಂದಾ ಸಂಖ್ಯೆಯೂ ಇರುತ್ತಿತ್ತು. ಸಂಚಿಕೆ ಬಾರದಿದ್ದರೆ ಆ ಸಂಖ್ಯೆ ಉಲ್ಲೇಖಿಸಿ ಒಂದು ಕಾರ್ಡು ಬರೆದರೆ ಕಚೇರಿಯವರು ಪುಸ್ತಕ ತಿರುವಿ ನೋಡುತ್ತಿದ್ದರು. ತಂತ್ರಾಂಶದ ಚಂದಾದಲ್ಲಿ ಆ ಚೀಟಿಯ ಜಾಗಕ್ಕೆ ಇಮೇಲ್ ವಿಳಾಸ ಬಂದಿದೆ. ಪುಸ್ತಕ ತಿರುವಿ ನೋಡುವ ಮನುಷ್ಯ ಮಾತ್ರ ಇಲ್ಲ.

ಮೊದಲು ತಂತ್ರಾಂಶವನ್ನು ಒಮ್ಮೆ ಕೊಂಡರೆ ಮುಗಿಯುತ್ತಿತ್ತು. ಕನ್ನಡ ಡಿಟಿಪಿಯವರು ಬಳಸುತ್ತಿದ್ದ ಪುಣೆಯ ಶ್ರೀಲಿಪಿಯಂತಹ ತಂತ್ರಾಂಶಗಳ ಜೊತೆ ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ ಒಂದು ಗಟ್ಟಿ ಸಾಧನ ಬರುತ್ತಿತ್ತು. ಡಾಂಗಲ್ ಎಂಬುದು ಅದರ ಹೆಸರು, ಅಂಗಡಿಗಳಲ್ಲಿ ‘ಲಾಕ್’. ಲಾಕ್ ಇದ್ದವನು ಮಾಲೀಕ. ಹೆಸರು, ಊರು, ಮೇಲ್ ವಿಳಾಸ ಯಾವುದನ್ನೂ ಅದು ಕೇಳುತ್ತಿರಲಿಲ್ಲ. ಕಳೆದರೆ ಕಳೆಯಿತು, ಅಷ್ಟೇ. ಆ ಬಳಿಕ ವರ್ಷಕ್ಕೊಮ್ಮೆ ಹಣ ಕೊಡುವ ಅಭ್ಯಾಸವನ್ನು ನಮ್ಮ ಊರುಗಳಿಗೆ ಕಲಿಸಿದ್ದು ಆ್ಯಂಟಿವೈರಸ್ ಕೀಲಿಗಳು. ಡಬ್ಬಿಯೊಳಗಿನ ಅಂಕೆ-ಅಕ್ಷರಗಳ ಉದ್ದನೆಯ ಕೀಲಿಯನ್ನು ಅಂಗಡಿಯ ಹುಡುಗ ಬಂದು ಒತ್ತಿ ಹೋಗುತ್ತಿದ್ದ, ಮುಂದಿನ ವರ್ಷ ಮತ್ತೆ ಬರುತ್ತಿದ್ದ.

ಜಗತ್ತಿನ ದೊಡ್ಡ ಕಂಪನಿಗಳು ಪೂರ್ತಿಯಾಗಿ ಚಂದಾದ ಕಡೆ ಹೊರಳಿದ್ದು ಹೋದ ದಶಕದಲ್ಲಿ. ಮೈಕ್ರೋಸಾಫ್ಟ್ 2011ರ ಜೂನ್ 28ರಂದು ಆಫೀಸ್ 365 ಆರಂಭಿಸಿತು. ಮನೆಬಳಕೆಯ ಯೋಜನೆಗಳಿಗೆ 2020ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ 365 ಎಂದು ಹೆಸರು ಬದಲಾಯಿತು. ಅಡೋಬಿ 2012ರಲ್ಲಿ ಕ್ರಿಯೇಟಿವ್ ಕ್ಲೌಡ್ ತಂದು, ಮರುವರ್ಷ ಮೇ ತಿಂಗಳಲ್ಲಿ ಇನ್ನು ಮುಂದೆ ಡಬ್ಬಿಯ ಮಾರಾಟದ ಹೊಸ ಆವೃತ್ತಿ ಇಲ್ಲವೆಂದು ಘೋಷಿಸಿತು. ಬೆಂಗಳೂರಿನ ಟ್ಯಾಲಿಯದು ನಡುವಿನ ದಾರಿ. 1986ರಲ್ಲಿ ಹುಟ್ಟಿದ ಈ ಕಂಪನಿಯ ಪರವಾನಗಿಯನ್ನು ಈಗಲೂ ಶಾಶ್ವತವಾಗಿ ಕೊಳ್ಳಬಹುದು. ಆದರೆ ಹೊಸ ಆವೃತ್ತಿ ಮತ್ತು ಅಂತರ್ಜಾಲ ಬೇಕಾಗುವ ಸೇವೆಗಳಿಗೆ ಟಿಎಸ್‌ಎಸ್ ಎಂಬ ವಾರ್ಷಿಕ ಚಂದಾ ಬೇರೆ ಕಟ್ಟಬೇಕು.

ಚಂದಾ ಗುರುತಿಸುವ ಬಗೆ

ಗಿರಾಕಿ ಫೋನಿನಲ್ಲಿ ಹಣ ಕಟ್ಟಿದ ಕೂಡಲೆ ತಂತ್ರಾಂಶಕ್ಕೆ ಅದು ತಿಳಿದುಬಿಡುವುದಿಲ್ಲ. ಬ್ಯಾಂಕು ಪಾವತಿ ಗೇಟ್‌ವೇಗೆ ಹೇಳುತ್ತದೆ, ಗೇಟ್‌ವೇ ಕಂಪನಿಯ ಬಿಲ್ಲಿಂಗ್ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ. ಬಿಲ್ಲಿಂಗ್ ಸರ್ವರು ಇಂಥ ಮೇಲ್ ವಿಳಾಸದವರಿಗೆ ಇಂಥ ದಿನಾಂಕದವರೆಗೆ ಹಕ್ಕಿದೆ ಎಂದು ಪರವಾನಗಿ ಸರ್ವರಿನಲ್ಲಿ ಬರೆಸುತ್ತದೆ. ಬಳಕೆದಾರ ಲಾಗಿನ್ ಆದಾಗ ಅವನ ಯಂತ್ರಕ್ಕೆ ಸರ್ವರು ಸಹಿ ಮಾಡಿದ ಒಂದು ಟೋಕನ್ ಕೊಡುತ್ತದೆ. ಯಂತ್ರ ಅದನ್ನು ತನ್ನ ಬಳಿ ಇಟ್ಟುಕೊಂಡು, ಪ್ರತಿ ಸಲವೂ ಸರ್ವರನ್ನು ಕೇಳದೆ, ಅದನ್ನೇ ನೋಡಿ ಬಾಗಿಲು ತೆರೆಯುತ್ತದೆ. ಜಾತ್ರೆಯಲ್ಲಿ ತೊಟ್ಟಿಲು ಏರುವಾಗ ಚೀಟಿ ತೋರಿಸಿದ ಹಾಗೆ: ಚೀಟಿ ನೋಡುವವನಿಗೆ ನೀವು ಕೌಂಟರಿನಲ್ಲಿ ಕೊಟ್ಟ ನೋಟು ಕಂಡಿರುವುದಿಲ್ಲ.

ಟೋಕನ್ನಿಗೂ ಆಯುಸ್ಸಿದೆ. ಮೈಕ್ರೋಸಾಫ್ಟ್ 365 ಇರುವ ಯಂತ್ರ 30 ದಿನಗಳಿಗೊಮ್ಮೆಯಾದರೂ ಅಂತರ್ಜಾಲಕ್ಕೆ ಸೇರಬೇಕು. ಸೇರದಿದ್ದರೆ ಕಡತ ಓದಬಹುದು, ಮುದ್ರಿಸಬಹುದು, ತಿದ್ದಲಾಗದು. ಅಡೋಬಿಯಲ್ಲಿ ತಿಂಗಳ ಚಂದಾದಾರರಿಗೆ 30 ದಿನ, ವಾರ್ಷಿಕ ಚಂದಾದಾರರಿಗೆ 99 ದಿನಗಳವರೆಗೆ ಅಂತರ್ಜಾಲವಿಲ್ಲದೆ ಕೆಲಸ ಮಾಡುವ ಅವಕಾಶವಿದೆ.

ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ತೆರೆಯ ಮೇಲೆ ಕಾಣುವ ಮಾತು ಒಂದೇ. ದುರಸ್ತಿಯ ಕಷ್ಟವೆಲ್ಲ ಇರುವುದು ಇಲ್ಲಿಯೇ. ತಂತ್ರಾಂಶ ಬರೆಯುವವರು ‘ಚಂದಾ ಇಲ್ಲ’ ಎನ್ನುವ ಬದಲು ‘ಈ ಮೇಲ್ ವಿಳಾಸದಲ್ಲಿ ಚಂದಾ ಇಲ್ಲ’ ಎಂದು ತೋರಿಸಿದ್ದರೆ ಅರ್ಧದಷ್ಟು ಗೋಳು ತಪ್ಪುತ್ತಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ಹೆಸರಿನ ಎಡವಟ್ಟು

ಹಣ ಕಟ್ಟಿದ ಮೇಲ್ ಒಂದು, ಲಾಗಿನ್ ಆಗಿರುವ ಮೇಲ್ ಇನ್ನೊಂದು: ಈ ತೊಡಕಿನ ಮುಖ್ಯ ಕಾರಣ ಇದು, ಮೊದಲು ನೋಡಬೇಕಾದದ್ದೂ ಇದನ್ನೇ. ದೊಡ್ಡ ಊರಿನ ಕಚೇರಿಯಲ್ಲಿ ಚಂದಾ ಕೊಳ್ಳುವವನೂ ಬಳಸುವವನೂ ಒಬ್ಬನೇ ಆಗಿರಬಹುದು ಅಥವಾ ಅದನ್ನು ನೋಡಿಕೊಳ್ಳಲು ಒಬ್ಬ ನೌಕರ ಇರಬಹುದು. ನಮ್ಮ ಊರುಗಳಲ್ಲಿ ಚಂದಾವನ್ನು ಬೇರೆಯವರ ಕೈಯಲ್ಲಿ ಕೊಳ್ಳಿಸುವುದೇ ರೂಢಿ. ಆದ್ದರಿಂದ ಇಲ್ಲಿ ಹೆಸರು ಅದಲುಬದಲಾಗುವ ದಾರಿಗಳು ಹಲವು.

ಶಿವಮೊಗ್ಗದ ನೆಹರು ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಅಂಗಡಿ ಇಟ್ಟವನು ಕಂಪ್ಯೂಟರ್ ಮಾರುವಾಗ ತಂತ್ರಾಂಶವನ್ನೂ ಹಾಕಿಕೊಡುತ್ತಾನೆ. ಗಿರಾಕಿಗೆ ಮೇಲ್ ವಿಳಾಸ ಇರುವುದಿಲ್ಲ, ಇದ್ದರೂ ಪಾಸ್‌ವರ್ಡ್ ನೆನಪಿರುವುದಿಲ್ಲ. ‘ಇರ್ಲಿ ಬಿಡಿ ಸಾರ್, ನಾನೇ ಒಂದು ಜಿಮೇಲ್ ಮಾಡ್ತೀನಿ’ ಎಂದು ಅಂಗಡಿಯ ಹುಡುಗ ಹೊಸ ವಿಳಾಸ ತೆರೆದು, ಒಟಿಪಿಗೆ ತನ್ನದೇ ನಂಬರ್ ಕೊಟ್ಟು, ಪಾಸ್‌ವರ್ಡನ್ನು ಅಂಗಡಿಯ ಡೈರಿಯಲ್ಲಿ ಬರೆದಿಟ್ಟು ಕೆಲಸ ಮುಗಿಸುತ್ತಾನೆ. ಅದು ಉಪಕಾರವೇ, ಅನುಮಾನವಿಲ್ಲ. ಒಂದು ವರ್ಷದವರೆಗೆ ಎಲ್ಲವೂ ಸರಿ ನಡೆಯುತ್ತದೆ. ನವೀಕರಣದ ಹೊತ್ತಿಗೆ ಹುಡುಗ ಬೆಂಗಳೂರು ಸೇರಿರುತ್ತಾನೆ. ಗಿರಾಕಿ ಮಗನ ಮೇಲ್ ವಿಳಾಸದಿಂದ ಹೊಸದಾಗಿ ಹಣ ಕಟ್ಟುತ್ತಾನೆ. ಯಂತ್ರವೋ ಹಳೆಯ ಜಿಮೇಲಿಗೇ ಲಾಗಿನ್ ಆಗಿ ಕುಳಿತಿದೆ. ಈಗ ಒಬ್ಬ ಗಿರಾಕಿಗೆ ಎರಡು ಖಾತೆ: ಒಂದರಲ್ಲಿ ಹಣವಿದೆ, ಇನ್ನೊಂದರಲ್ಲಿ ಅವನಿದ್ದಾನೆ.

ಇಲ್ಲಿ ಮಾಡಬೇಕಾದದ್ದು ಸರಳ. ಹಣ ಕಟ್ಟಿದ್ದಕ್ಕೆ ಕಂಪನಿಯಿಂದ ಬಂದ ರಸೀದಿ ಮೇಲ್ ಹುಡುಕಬೇಕು. ಅದು ಯಾವ ವಿಳಾಸಕ್ಕೆ ಬಂದಿದೆಯೋ ಚಂದಾ ಸಾಮಾನ್ಯವಾಗಿ ಅಲ್ಲಿದೆ. ತಂತ್ರಾಂಶದೊಳಗೆ ಖಾತೆಯ ಪುಟ ತೆರೆದು ಯಾವ ವಿಳಾಸ ತೋರಿಸುತ್ತಿದೆ ಎಂದು ಅಕ್ಷರ ಅಕ್ಷರ ಓದಬೇಕು. ನಡುವಿನ ಒಂದು ಚುಕ್ಕಿ, ಕೊನೆಯ ಒಂದು ಅಂಕೆ ಬೇರೆಯಾಗಿದ್ದರೂ ಅದು ಬೇರೆಯೇ ಖಾತೆಯಾಗಿರಬಹುದು. ಎರಡೂ ಬೇರೆಯಾಗಿದ್ದರೆ ಲಾಗ್‌ಔಟ್ ಆಗಿ ರಸೀದಿಯ ವಿಳಾಸದಿಂದ ಒಳಗೆ ಬರಬೇಕು. ಒಂದೇ ಮೇಲ್ ವಿಳಾಸಕ್ಕೆ ಮನೆಬಳಕೆಯ ಖಾತೆಯೂ ಸಂಸ್ಥೆಯ ಖಾತೆಯೂ ಪ್ರತ್ಯೇಕವಾಗಿರುವುದು ಮೈಕ್ರೋಸಾಫ್ಟ್, ಅಡೋಬಿ ಎರಡರಲ್ಲೂ ಉಂಟು. ಲಾಗಿನ್ ಆಗುವಾಗ ಯಾವುದು ಬೇಕೆಂದು ಕೇಳುವ ಪುಟವನ್ನು ಓದದೆ ಒತ್ತಿದವರು ಸರಿಯಾದ ವಿಳಾಸದಲ್ಲಿದ್ದೂ ತಪ್ಪು ಖಾತೆಯಲ್ಲಿರುತ್ತಾರೆ.

ಮೊಬೈಲಿನಲ್ಲಿ ಇನ್ನೊಂದು ಸುತ್ತು. ಗೂಗಲ್ ಪ್ಲೇ ಮೂಲಕ ಕೊಂಡ ಚಂದಾ ಆ ಹೊತ್ತಿಗೆ ಪ್ಲೇ ಸ್ಟೋರಿನಲ್ಲಿದ್ದ ಗೂಗಲ್ ಖಾತೆಗೆ ಅಂಟಿಕೊಳ್ಳುತ್ತದೆ. ಆ್ಯಪ್‌ನ ಒಳಗಿನ ಲಾಗಿನ್ ಬೇರೆಯೇ ಆಗಿರಬಹುದು. ಒಂದೇ ಫೋನಿನಲ್ಲಿ ಎರಡು ಮೂರು ಗೂಗಲ್ ಖಾತೆ ಇಟ್ಟುಕೊಂಡವರು ಪ್ಲೇ ಸ್ಟೋರಿನ ಮೇಲ್ಮೂಲೆಯ ಚಿತ್ರ ಒತ್ತಿ ಒಂದೊಂದೇ ಖಾತೆಗೆ ಬದಲಿಸಿ, ಚಂದಾಗಳ ಪಟ್ಟಿ ನೋಡಬೇಕು. ಐಫೋನಿನ ಆ್ಯಪ್‌ಗಳಲ್ಲಿ ಖರೀದಿಯನ್ನು ಮರಳಿ ತರುವ ‘ರಿಸ್ಟೋರ್ ಪರ್ಚೇಸಸ್’ ಎಂಬ ಗುಂಡಿ ಇರುತ್ತದೆ. ಫೋನ್ ಬದಲಿಸಿದವರ ತೊಂದರೆ ಬಹುಮಟ್ಟಿಗೆ ಅಲ್ಲೇ ಮುಗಿಯುತ್ತದೆ.

ಭದ್ರಾವತಿಯ ನ್ಯೂಟೌನ್ ಮತ್ತು ಪೇಪರ್‌ಟೌನ್‌ಗಳ ಮನೆಗಳಲ್ಲಿ ಇದಕ್ಕೆ ಬೇರೊಂದು ಮುಖವಿದೆ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇವೆರಡರಲ್ಲಿ ದುಡಿದು ನಿವೃತ್ತರಾದವರ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ‘ಅಪ್ಪಾ, ನಾನೇ ಕಟ್ಟಿದ್ದೀನಿ, ನಿಮ್ಮ ಫೋನಲ್ಲೂ ಬರುತ್ತೆ’ ಎಂದು ಮಗಳು ಹೇಳಿರುತ್ತಾಳೆ. ಅವಳು ಕೊಂಡಿರುವುದು ಕುಟುಂಬ ಯೋಜನೆ. ಮೈಕ್ರೋಸಾಫ್ಟಿನ ಕುಟುಂಬ ಯೋಜನೆಯನ್ನು 6 ಮಂದಿ ಬಳಸಬಹುದು, ಆದರೆ ಹಣ ಕಟ್ಟಿದ ಮಾತ್ರಕ್ಕೆ ಅಪ್ಪ ಅದರೊಳಗೆ ಸೇರುವುದಿಲ್ಲ. ಮಗಳು ಕಳಿಸಿದ ಆಹ್ವಾನವನ್ನು ಅಪ್ಪ ತನ್ನ ಮೇಲ್ ತೆರೆದು ಒಪ್ಪಿಕೊಳ್ಳಬೇಕು. ಆ ಮೇಲ್ ಜಾಹೀರಾತುಗಳ ನಡುವೆ ಹೂತು ಹೋಗಿರುತ್ತದೆ. ಮಗಳು ಹೊರದೇಶದಲ್ಲಿದ್ದರೆ ಮತ್ತೊಂದು ಅಡ್ಡಿ: ಗೂಗಲ್ ಮತ್ತು ಆ್ಯಪಲ್‌ಗಳ ಕುಟುಂಬ ಹಂಚಿಕೆಯಲ್ಲಿ ಎಲ್ಲರ ಖಾತೆಯೂ ಒಂದೇ ದೇಶದ್ದಾಗಿರಬೇಕು. ದೇಶ ಬೇರೆಯಾದರೆ ತೊಂದರೆ, ಊರಿನ ಹೆಸರು ಬೇರೆಯಾದರೆ ಅಲ್ಲ. 2014ರ ನವೆಂಬರ್ 1ರಿಂದ ಊರಿಗೆ ಅಧಿಕೃತವಾಗಿ ಶಿವಮೊಗ್ಗ ಎಂಬ ಹೆಸರಾದರೂ ಅನೇಕ ಕಂಪನಿಗಳ ಪಟ್ಟಿಯಲ್ಲಿ ಇಂದಿಗೂ ಹಳೆಯ ಶಿಮೊಗವೇ ಇದೆ. ಅದನ್ನು ಆರಿಸಿದ್ದಕ್ಕೆ ಚಂದಾ ನಿಲ್ಲಲಿಲ್ಲ, ಈ ಬಗ್ಗೆ ಚಿಂತೆ ಬೇಡ.

ವಿದ್ಯಾರ್ಥಿಗಳದು ಚಿಕ್ಕ ಕತೆ. ಕಾಲೇಜು ಅಥವಾ ವಿಶ್ವವಿದ್ಯಾಲಯ ಕೊಟ್ಟ ಮೇಲ್ ವಿಳಾಸದಲ್ಲಿ ಸಿಗುವ ಸೌಲಭ್ಯ ಓದು ಮುಗಿದು ಆ ವಿಳಾಸ ಮುಚ್ಚಿದ ದಿನ ನಿಲ್ಲುತ್ತದೆ. ಆ ಮೇಲೆ ಸ್ವಂತ ಹಣದಲ್ಲಿ ಚಂದಾ ಕಟ್ಟಿದರೂ ಲ್ಯಾಪ್‌ಟಾಪಿನ ವರ್ಡ್ ಹಳೆಯ ವಿಳಾಸವನ್ನೇ ಹಿಡಿದಿರುತ್ತದೆ. ಹಳೆಯದನ್ನು ತೆಗೆಯದೆ ಹೊಸದನ್ನು ಸೇರಿಸಿ ಪ್ರಯೋಜನವಿಲ್ಲ.

ಮಂಡಿಯಲ್ಲಿ ಟ್ಯಾಲಿ

ಶಿವಮೊಗ್ಗದ ಅಡಿಕೆ ವಹಿವಾಟು ದೊಡ್ಡದು. 1939ರಲ್ಲಿ ಆರಂಭವಾದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್‌ನಿಂದ ಹಿಡಿದು ಎಪಿಎಂಸಿಯ ಖಾಸಗಿ ಮಂಡಿಗಳವರೆಗೆ ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆ ಬಗೆಯಾಗಿ ಮಾಲು ಕೈ ಬದಲಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮಂಡಿಯ ಲೆಕ್ಕ ಕಂಪ್ಯೂಟರಿಗೆ ಏರದೆ ಗತಿಯಿಲ್ಲ ಎಂಬಂತಾಯಿತು. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರು ವ್ಯಾಪಾರಿಗಳ ನಡುವಿನ ಮಾರಾಟಕ್ಕೆ ಇ-ಇನ್‌ವಾಯ್ಸ್ ಮಾಡಲೇಬೇಕು. ಟ್ಯಾಲಿಯೊಳಗಿಂದಲೇ ಇದನ್ನು ಮಾಡಬಹುದು, ಟಿಎಸ್‌ಎಸ್ ಚಾಲ್ತಿಯಲ್ಲಿದ್ದರೆ.

ಒಂದು ಮಾದರಿ ಪ್ರಸಂಗ ನೋಡಬಹುದು. ಸಂಜೆಯಾಗಿದೆ, ಲಾರಿಗೆ ಚೀಲ ತುಂಬಿ ಟಾರ್ಪಾಲು ಕಟ್ಟುತ್ತಿದ್ದಾರೆ. ಗುಮಾಸ್ತ ಬಿಲ್ಲು ಒತ್ತಿದರೆ ಇ-ಇನ್‌ವಾಯ್ಸ್ ಸಂಖ್ಯೆ ಬರುತ್ತಿಲ್ಲ, ಟಿಎಸ್‌ಎಸ್ ಮುಗಿದಿದೆ ಎನ್ನುತ್ತದೆ ಟ್ಯಾಲಿ. ಮಾಲೀಕರು ಬೆಳಿಗ್ಗೆಯೇ ನವೀಕರಣದ ಹಣ ಕಳಿಸಿ ಆಗಿದೆ, ರಸೀದಿಯೂ ಬಂದಿದೆ. ಎಲ್ಲಿ ತಪ್ಪಿತು? ಎಲ್ಲಿಯೂ ಇಲ್ಲ. ಕಂಪನಿಯ ಪುಸ್ತಕದಲ್ಲಿ ನವೀಕರಣ ದಾಖಲಾಗಿದೆ, ಮಂಡಿಯ ಯಂತ್ರದಲ್ಲಿರುವ ಪರವಾನಗಿ ಕಡತ ಮಾತ್ರ ನಿನ್ನೆಯದು. ಎಫ್1 ಒತ್ತಿ, ಸೆಟ್ಟಿಂಗ್ಸ್‌ನೊಳಗೆ ಲೈಸೆನ್ಸ್ ಆರಿಸಿ, ಅಪ್‌ಡೇಟ್ ಕೊಟ್ಟರೆ ಹೊಸ ದಿನಾಂಕ ಇಳಿಯುತ್ತದೆ. ನಾಲ್ಕಾರು ಯಂತ್ರಗಳಿರುವ ಮಂಡಿಯಲ್ಲಿ ಗೋಲ್ಡ್ ಪರವಾನಗಿ ಇರುತ್ತದೆ. ಅಲ್ಲಿ ಪರವಾನಗಿ ಕೂತಿರುವುದು ಒಂದು ಯಂತ್ರದಲ್ಲಿ, ಉಳಿದವು ಅದನ್ನು ಕೇಳಿ ನಡೆಯುತ್ತವೆ. ಗುಮಾಸ್ತ ತನ್ನ ಮೇಜಿನ ಯಂತ್ರದಲ್ಲೇ ಗುದ್ದಾಡುವುದಕ್ಕಿಂತ ಆ ಯಂತ್ರದ ಬಳಿ ಹೋಗಬೇಕು.

ಅಷ್ಟರಲ್ಲಿ ಲಾರಿ ಕಾಯಬೇಕಾಗಿಲ್ಲ. ಇ-ಇನ್‌ವಾಯ್ಸ್ ಆಗಲಿ ಇ-ವೇ ಬಿಲ್ ಆಗಲಿ ಕೊಡುವುದು ಸರಕಾರದ ಜಾಲತಾಣ, ಟ್ಯಾಲಿಯಲ್ಲ. ನೇರವಾಗಿ ಆ ಜಾಲತಾಣಕ್ಕೆ ಹೋಗಿ ಕೈಯಿಂದ ತುಂಬಿ ಸಂಖ್ಯೆ ಪಡೆಯಬಹುದು. ಜಿಎಸ್‌ಟಿಆರ್-1ರ ಕೊನೆಯ ದಿನವಾದ 11ನೇ ತಾರೀಕಿನ ಹಿಂದಿನ ಸಂಜೆ ಈ ಒಂದು ತಿಳಿವಳಿಕೆ ಎಷ್ಟೋ ಜಗಳ ಉಳಿಸುತ್ತದೆ.

ಟಿಎಸ್‌ಎಸ್ ಮುಗಿದರೆ ಟ್ಯಾಲಿ ನಿಲ್ಲುವುದಿಲ್ಲ. ಬಿಲ್ಲು ಹಾಕಬಹುದು, ಲೆಕ್ಕ ನೋಡಬಹುದು. ಪರವಾನಗಿಯೇ ಕಾಣೆಯಾದಾಗ ಮಾತ್ರ ಅದು ಎಜುಕೇಶನ್ ಮೋಡ್‌ಗೆ ಇಳಿಯುತ್ತದೆ. ತಿಂಗಳ 1, 2 ಮತ್ತು ಕೊನೆಯ ದಿನಾಂಕ ಬಿಟ್ಟು ಬೇರೆ ದಿನ ಬರೆಯಲು ಬಿಡದ ಈ ಸ್ಥಿತಿಯನ್ನು ಟ್ಯಾಲಿ ಕ್ಲಾಸಿಗೆ ಹೋದವರೆಲ್ಲ ಬಲ್ಲರು. ಮಂಡಿಯ ಯಂತ್ರದಲ್ಲಿ ಇದು ಕಂಡರೆ ಹೆಚ್ಚಾಗಿ ಯಾರೋ ಪರವಾನಗಿಯನ್ನು ಸರೆಂಡರ್ ಮಾಡದೆ ಫಾರ್ಮ್ಯಾಟ್ ಹೊಡೆದಿದ್ದಾರೆ ಎಂದರ್ಥ. ಆಗ ಸೀರಿಯಲ್ ನಂಬರ್ ಮತ್ತು ನೋಂದಾಯಿತ ಮೇಲ್ ಕೊಟ್ಟು ಮರಳಿ ಚಾಲ್ತಿ ಮಾಡಿಕೊಳ್ಳಬೇಕು. ಬೀಗ ತೆರೆಯುವ ಸಂಖ್ಯೆ ಆ ಮೇಲ್‌ಗೇ ಬರುತ್ತದೆ. ಆ ಮೇಲ್ ಯಾರದು ಎಂಬ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ.

ಯಂತ್ರದ ಗಡಿಯಾರ

ಹೆಸರು ಸರಿಯಿದ್ದೂ ಚಂದಾ ಚಾಲ್ತಿಗೆ ಬಾರದಿದ್ದರೆ ಕಂಪ್ಯೂಟರಿನ ಮೂಲೆಯಲ್ಲಿರುವ ದಿನಾಂಕ ನೋಡಬೇಕು. ನಾಲ್ಕೈದು ವರ್ಷ ಕಳೆದ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಮೇಲಿನ ಸಣ್ಣ ಸೆಲ್ ಸತ್ತಿರುತ್ತದೆ. ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಿ ಹೋಗುವುದು ವಾಡಿಕೆ. ಮಳೆಗಾಲದಲ್ಲಿ ಕರೆಂಟು ತಾನಾಗಿಯೇ ಹೋಗುತ್ತದೆ. ಬೆಳಿಗ್ಗೆ ಯಂತ್ರ ಎದ್ದಾಗ ಅದರ ಪಾಲಿಗೆ ಇನ್ನೂ ಹತ್ತು ಹದಿನೈದು ವರ್ಷದ ಹಿಂದಿನ ಜನವರಿ 1. ಸರ್ವರಿನ ಭದ್ರತಾ ಪ್ರಮಾಣಪತ್ರ ಅದಕ್ಕೆ ಮುಂದೆಂದೋ ಹುಟ್ಟಲಿರುವ ಕಾಗದದಂತೆ ಕಾಣುತ್ತದೆ, ಹೀಗಾಗಿ ಸರ್ವರಿನೊಡನೆ ಮಾತೇ ಆಡುವುದಿಲ್ಲ. ಚಂದಾ ಇದೆಯೋ ಇಲ್ಲವೋ ಕೇಳಲಿಕ್ಕೇ ಆಗದ ತಂತ್ರಾಂಶ ‘ಇಲ್ಲ’ ಎಂದುಬಿಡುತ್ತದೆ. ಬ್ರೌಸರ್ ಕೂಡ ಎಲ್ಲ ಜಾಲತಾಣಕ್ಕೂ ಅಸುರಕ್ಷಿತ ಎಂದು ಕೂಗುತ್ತಿದ್ದರೆ ಕಾರಣ ಇದೇ ಎಂದು ಹೇಳಬಹುದು.

ದಿನಾಂಕ, ವೇಳೆ, ವೇಳಾವಲಯಗಳನ್ನು ತಾನಾಗಿ ಹೊಂದಿಸಿಕೊಳ್ಳುವಂತೆ ಬಿಟ್ಟು, ಒಮ್ಮೆ ಸಿಂಕ್ ಒತ್ತಿದರೆ ಆ ದಿನದ ಮಟ್ಟಿಗೆ ಸರಿಹೋಗುತ್ತದೆ. ನಾಣ್ಯದ ಗಾತ್ರದ ಸಿಆರ್2032 ಸೆಲ್ ಬದಲಿಸಿದರೆ ವರ್ಷಗಳ ಮಟ್ಟಿಗೆ. ತೂಕದ ಯಂತ್ರಕ್ಕೂ ಕಾರಿನ ಕೀಲಿಗೂ ಹಾಕುವ ಈ ಸೆಲ್ ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಆ್ಯಂಟಿವೈರಸ್‌ನ ಅವಧಿ ಹಿಗ್ಗಿಸಲು ದಿನಾಂಕವನ್ನು ಬೇಕೆಂದೇ ಹಿಂದಕ್ಕೆ ತಿರುಗಿಸುವ ಚಟ ಕೆಲವರಿಗಿತ್ತು; ಆ ಉಪಾಯವೇ ಈಗ ಉಲ್ಟಾ ಹೊಡೆಯುತ್ತದೆ.

ಹಳೆಯ ಕ್ರ್ಯಾಕಿನ ಉಳಿಕೆ

ಡಿಟಿಪಿ ಮತ್ತು ಫ್ಲೆಕ್ಸ್ ವೃತ್ತಿಯವರಲ್ಲಿ ಮಾತ್ರ ಕಾಣುವ, ಯಾರೂ ಬಾಯಿಬಿಟ್ಟು ಹೇಳದ ಕಾರಣವೊಂದಿದೆ. ವರ್ಷಗಟ್ಟಲೆ ಕ್ರ್ಯಾಕ್ ಮಾಡಿದ ಫೋಟೊಶಾಪ್ ಬಳಸಿದವನು ಒಂದು ದಿನ ಮನಸ್ಸು ಮಾಡಿ ನಿಜವಾದ ಚಂದಾ ಕಟ್ಟುತ್ತಾನೆ. ಹಳೆಯದನ್ನು ಅಳಿಸಿ ಹೊಸದನ್ನು ಹಾಕಿಸುತ್ತಾನೆ. ಆದರೂ ತಂತ್ರಾಂಶ ಅವನನ್ನು ಚಂದಾದಾರ ಎಂದು ಒಪ್ಪುವುದಿಲ್ಲ. ಕದ್ದದ್ದು ಬಳಸುವಾಗ ಹತ್ತು ವರ್ಷ ತೊಂದರೆಯಾಗಲಿಲ್ಲ, ದುಡ್ಡು ಕೊಟ್ಟ ಮೇಲೆ ಶುರುವಾಯಿತು ಎಂದು ಅವನು ಗೊಣಗುವುದರಲ್ಲಿ ಸುಳ್ಳೇನೂ ಇಲ್ಲ.

ವಿಂಡೋಸ್‌ನಲ್ಲಿ ಹೋಸ್ಟ್ಸ್ ಎಂಬ ಒಂದು ಸಣ್ಣ ಪಠ್ಯ ಕಡತವಿದೆ. ಸಿಸ್ಟಂ32 ಫೋಲ್ಡರಿನೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬಲ್ಲಿ ಅದು ಕೂತಿರುತ್ತದೆ. ಯಾವ ಜಾಲತಾಣ ಯಾವ ವಿಳಾಸದಲ್ಲಿದೆ ಎಂದು ಯಂತ್ರ ಹೊರಗೆ ಕೇಳುವ ಮೊದಲು ಈ ಕಡತ ನೋಡುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೇಲೆ ಹ್ಯಾಷ್ ಗುರುತಿನಿಂದ ಆರಂಭವಾಗುವ ವಿಂಡೋಸ್‌ನದೇ ಸಾಲುಗಳು. ಕೆಳಗೆ ಸರಿಸಿದರೆ 127.0.0.1 ಎಂದು ಶುರುವಾಗಿ ಅಡೋಬಿಯ ಪರವಾನಗಿ ಸರ್ವರುಗಳ ಹೆಸರಿರುವ ಸಾಲುಗಳು ಸಾಲಾಗಿ ನಿಂತಿರುತ್ತವೆ. 127.0.0.1 ಎಂದರೆ ‘ಇದೇ ಯಂತ್ರ’. ತಂತ್ರಾಂಶ ತನ್ನ ಕಂಪನಿಗೆ ಚಾಡಿ ಹೇಳದಿರಲೆಂದು ಕ್ರ್ಯಾಕ್ ಹಾಕಿದವನು ಕಟ್ಟಿದ ಬೇಲಿ ಅದು. ಕ್ರ್ಯಾಕ್ ಹೋದರೂ ಬೇಲಿ ಉಳಿದಿದೆ. ಹೊಸ ತಂತ್ರಾಂಶ ಅಡೋಬಿಯನ್ನು ಕೇಳಲು ಹೊರಟು ತನ್ನ ಮನೆ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಆ ಸಾಲುಗಳನ್ನಷ್ಟೇ ಅಳಿಸಿ, ಅಡ್ಮಿನಿಸ್ಟ್ರೇಟರ್ ಆಗಿ ಉಳಿಸಿ, ಯಂತ್ರವನ್ನು ಮರಳಿ ಚಾಲೂ ಮಾಡಿದರೆ ಸಾಕು. ಕೈಯಿಂದ ಮಾಡಲು ಅಂಜುವವರಿಗೆ ಇದಕ್ಕೆಂದೇ ಅಡೋಬಿಯ ಒಂದು ದುರಸ್ತಿ ಉಪಕರಣ ಉಚಿತವಾಗಿ ಸಿಗುತ್ತದೆ. ಫೈರ್‌ವಾಲ್‌ನಲ್ಲಿ ಕ್ರ್ಯಾಕಿನವನು ಹಾಕಿದ ತಡೆಗಳಿದ್ದರೆ ಅವನ್ನೂ ತೆಗೆಯಬೇಕು. ಫೋಟೊಶಾಪ್ ಕೆಟ್ಟಿದೆಯೆಂದು ವಿಂಡೋಸನ್ನೇ ಹೊಸದಾಗಿ ಹಾಕಿ ಗಿರಾಕಿಯ ಅಕ್ಷರ ವಿನ್ಯಾಸಗಳನ್ನೆಲ್ಲ ಕಳೆಯುವ ರಿಪೇರಿಯವರೂ ಇದ್ದಾರೆ. ಹತ್ತು ಸಾಲು ಅಳಿಸುವ ಕೆಲಸಕ್ಕೆ ಅದು ಅತಿಯಾಯಿತು.

ಉಳಿದ ಕಾರಣಗಳು ಬೇಗ ಹೇಳಿ ಮುಗಿಸುವಂಥವು. ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಪ್ರಾಯೋಗಿಕ ಆಫೀಸ್ ಮತ್ತು ಚಂದಾದ ಆಫೀಸ್ ಎರಡೂ ಒಂದೇ ಯಂತ್ರದಲ್ಲಿದ್ದು ಶೀರ್ಷಿಕೆಯಲ್ಲಿ ‘ಅನ್‌ಲೈಸೆನ್ಸ್ಡ್ ಪ್ರಾಡಕ್ಟ್’ ಎಂದು ಬರಬಹುದು; ಬೇಡದ್ದನ್ನು ತೆಗೆಯಬೇಕು. ಯಂತ್ರಗಳ ಮಿತಿ ಮೀರಿರಬಹುದು: ಅಡೋಬಿಯ ವೈಯಕ್ತಿಕ ಚಂದಾ ಏಕಕಾಲಕ್ಕೆ 2 ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ 365 ಒಬ್ಬರಿಗೆ 5ರಲ್ಲಿ ಚಾಲ್ತಿಯಿರುತ್ತದೆ. ಮಾರಿದ ಹಳೆಯ ಯಂತ್ರವೂ ಲೆಕ್ಕದಲ್ಲೇ ಇರುತ್ತದೆ. ಟೋಕನ್ ಹಳಸಿದ್ದರೆ ಲಾಗ್‌ಔಟ್ ಆಗಿ, ತಂತ್ರಾಂಶ ಪೂರ್ತಿ ಮುಚ್ಚಿ, ಮತ್ತೆ ಲಾಗಿನ್ ಆದರೆ ಹೊಸದು ಬರುತ್ತದೆ.

ಕಂಪನಿಯ ಕಡೆಯ ತಪ್ಪು

ಎಲ್ಲ ದೋಷವನ್ನೂ ಬಳಕೆದಾರನ ತಲೆಗೆ ಕಟ್ಟಲಾಗದು. 2014ರ ಮೇ ತಿಂಗಳಲ್ಲಿ ಅಡೋಬಿಯ ಲಾಗಿನ್ ವ್ಯವಸ್ಥೆ ಒಂದು ದಿನಕ್ಕೂ ಹೆಚ್ಚು ಕಾಲ ಕೆಟ್ಟು ಜಗತ್ತಿನಾದ್ಯಂತ ಚಂದಾದಾರರು ಒಳಹೋಗಲಾಗದೆ ಕೂತರು. ಭಾರತದ್ದೇ ಉದಾಹರಣೆ ಬೇಕೆಂದರೆ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ಹೊಂದಿರುವ ನಯಾರಾ ಎನರ್ಜಿಯದಿದೆ. ಐರೋಪ್ಯ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಮೈಕ್ರೋಸಾಫ್ಟ್ 2025ರ ಜುಲೈನಲ್ಲಿ ಅದರ ಸೇವೆ ನಿಲ್ಲಿಸಿತು. ಪೂರ್ತಿ ಹಣ ಕಟ್ಟಿದ ಪರವಾನಗಿ ನಮ್ಮದು ಎಂದು ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಡಾಂಗಲ್ ಕಾಲದಲ್ಲಿ ಇಂಥದ್ದು ಸಾಧ್ಯವಿರಲಿಲ್ಲ.

ಹಣವೇ ತಲುಪದಿದ್ದಾಗ

ರಸೀದಿ ಮೇಲ್ ಯಾವ ವಿಳಾಸಕ್ಕೂ ಬಂದಿಲ್ಲವೆಂದರೆ ಹಣ ದಾರಿಯಲ್ಲಿದೆ ಎಂದು ತಿಳಿಯಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಯುಪಿಐ ಅಥವಾ ಕಾರ್ಡಿನಲ್ಲಿ ಹಣ ಕಟ್ ಆಗಿ ವ್ಯಾಪಾರಿಗೆ ಖಚಿತವಾಗದಿದ್ದರೆ ವಹಿವಾಟಿನ ದಿನ ಬಿಟ್ಟು 5 ದಿನಗಳೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು. ಯುಪಿಐ ಆ್ಯಪ್‌ನಲ್ಲಿರುವ 12 ಅಂಕೆಯ ಸಂಖ್ಯೆಯೇ ಇದಕ್ಕೆಲ್ಲ ಆಧಾರ, ಅದನ್ನು ಬರೆದಿಟ್ಟುಕೊಳ್ಳಬೇಕು. ಗಾಬರಿಯಿಂದ ಎರಡನೇ ಸಲ ಹಣ ಕಟ್ಟುವುದು ತಪ್ಪು. ಗೂಗಲ್ ಪ್ಲೇಯಲ್ಲಿ ಆ್ಯಪ್‌ನವರು ಖರೀದಿಯನ್ನು 3 ದಿನಗಳೊಳಗೆ ಸ್ವೀಕರಿಸಿದ್ದೇವೆಂದು ದಾಖಲಿಸದಿದ್ದರೆ ಹಣ ತಾನಾಗಿ ಹಿಂದಿರುಗುತ್ತದೆ. ಮೂರು ದಿನ ಚೆನ್ನಾಗಿ ನಡೆದು ನಾಲ್ಕನೇ ದಿನ ನಿಂತ ಚಂದಾದ ಗುಟ್ಟು ಕೆಲವೊಮ್ಮೆ ಇದು.

ತಾನಾಗಿ ನವೀಕರಣವಾಗುತ್ತಿದ್ದ ಚಂದಾ ಸದ್ದಿಲ್ಲದೆ ನಿಂತದ್ದಕ್ಕೆ 2021ರ ಅಕ್ಟೋಬರ್ 1ರಿಂದ ಜಾರಿಯಾದ ಇ-ಮ್ಯಾಂಡೇಟ್ ನಿಯಮ ಕಾರಣವಿರಬಹುದು. ಹಣ ತೆಗೆಯುವ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು. ಮೊದಲು 5,000, 2022ರ ಜೂನ್‌ನಿಂದ 15,000 ರೂಪಾಯಿ ಮೀರಿದ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಬೇಕು. ಒಟಿಪಿ ಕೇಳುವ ಸಂದೇಶವನ್ನು ಮೋಸದವರದ್ದೆಂದು ಅಳಿಸಿದವರ ಚಂದಾ ನಿಂತೇ ಹೋಯಿತು. ಅದೇ ವರ್ಷಗಳಲ್ಲಿ ಆ್ಯಪಲ್ ಭಾರತದ ಕಾರ್ಡುಗಳನ್ನು ಒಪ್ಪುವುದನ್ನೇ ನಿಲ್ಲಿಸಿ ಯುಪಿಐ ಮತ್ತು ನೆಟ್‌ಬ್ಯಾಂಕಿಂಗ್ ಕಡೆ ತಿರುಗಿತು.

ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲ ನಂಬರಿಗೆ ಕರೆ ಮಾಡುವುದು ಅಪಾಯ. ದೂರದಿಂದಲೇ ಯಂತ್ರ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸಿ ತೆರೆ ತೋರಿಸಿ ಎನ್ನುವವನು ಕಂಪನಿಯವನಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಸಹಾಯ ಕೇಳುವ ದಾರಿ ತಂತ್ರಾಂಶದೊಳಗೆ ಅಥವಾ ರಸೀದಿಯ ಮೇಲ್‌ನಲ್ಲಿಯೇ ಇರುತ್ತದೆ. ಆರ್ಡರ್ ಸಂಖ್ಯೆ, ಮೇಲ್ ವಿಳಾಸ, ದಿನಾಂಕ ಮತ್ತು ತೆರೆಯ ಚಿತ್ರ ಒಟ್ಟಿಗೆ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಕೆಲಸ ನಿಲ್ಲಬಾರದೆಂದರೆ ಅಷ್ಟರಲ್ಲಿ ವರ್ಡ್ ಕಡತವನ್ನು ಉಚಿತವಾದ ಲಿಬ್ರೆಆಫೀಸ್‌ನಲ್ಲಿ ತೆರೆಯಬಹುದು.

ದೂರು

ತಪ್ಪು ಬ್ಯಾಂಕಿನದಾಗಿದ್ದು 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು, ಶುಲ್ಕವಿಲ್ಲ. ಕಂಪನಿಯದಾಗಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಬೆಂಗಳೂರಿನಲ್ಲಿರಲಿ, ಹೊರದೇಶದ್ದೇ ಆಗಿರಲಿ, ದೂರುದಾರ ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು ಎಂಬುದು ಈ ಕಾಯಿದೆಯ ದೊಡ್ಡ ಅನುಕೂಲ. ಭದ್ರಾವತಿಯವರಿಗೂ ಆಯೋಗ ಶಿವಮೊಗ್ಗದಲ್ಲಿದೆ. ವ್ಯಾಪಾರಕ್ಕಾಗಿ ಕೊಂಡವರನ್ನು ಕಾಯಿದೆ ಗ್ರಾಹಕರೆಂದು ಎಣಿಸುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ವಿನಾಯಿತಿ ಇದೆ. ಒಂದು ಯಂತ್ರ ಇಟ್ಟುಕೊಂಡ ಡಿಟಿಪಿಯವನು ಈ ವಿನಾಯಿತಿ ಕೇಳಬಹುದು, ದೊಡ್ಡ ಮಂಡಿಗೆ ಕಷ್ಟ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಈ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕರೇ. ಮಗಳು ಕಟ್ಟಿದ ಚಂದಾಕ್ಕೆ ನ್ಯೂಟೌನಿನ ಅಪ್ಪ ದೂರು ಕೊಡಲು ಅಡ್ಡಿಯಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ತೊಂದರೆ ಕಂಡ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು.